ಕರೆಂಟ್ ಬಂದ ಮೇಲೆ ಎಷ್ಟು ಹೊತ್ತು ಕಾಯಬೇಕು?

ಬಂಟ್ವಾಳದ ಬಿ.ಸಿ. ರೋಡಿನಲ್ಲಾಗಲಿ, ಬೆಳ್ತಂಗಡಿ ಪೇಟೆಯಲ್ಲಾಗಲಿ, ಮೂಡುಬಿದಿರೆಯಲ್ಲಾಗಲಿ ಮೊಬೈಲ್ ರಿಪೇರಿ ಮಾಡುವವರಿಗೆ ಒಂದು ದೂರು ಚೆನ್ನಾಗಿ ಪರಿಚಿತ. ಡಿಸ್‌ಪ್ಲೇ ಹೊಸದು, ಚಿತ್ರವೂ ಚೆನ್ನಾಗಿ ಬರುತ್ತದೆ; ಆದರೆ ಸ್ವಲ್ಪ ಹೊತ್ತು ಬಿಟ್ಟು ಫೋನ್ ಕೈಗೆತ್ತಿಕೊಂಡರೆ ಟಚ್ ಕೆಲಸ ಮಾಡುವುದಿಲ್ಲ. ಪವರ್ ಬಟನ್ ಇನ್ನೊಮ್ಮೆ ಒತ್ತಿದರೆ ಸರಿಹೋಗುತ್ತದೆ. ಗಾಜು ಒಡೆದಿಲ್ಲ, ಸ್ಟ್ರಿಪ್ ಸಡಿಲವಾಗಿಲ್ಲ. ಇಂಥ ಕಡೆ ತಪ್ಪು ಅನೇಕ ಸಲ ಕೆಲವೇ ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಅಡಗಿರುತ್ತದೆ.

ಟಚ್ ಚಿಪ್‌ಗೆ ವಿದ್ಯುತ್ ಕೊಟ್ಟ ಕ್ಷಣಕ್ಕೇ ಅದು ಮಾತಿಗೆ ಸಿಗುವುದಿಲ್ಲ. ಮೊದಲು ವೋಲ್ಟೇಜು ಏರಿ ಸ್ಥಿರವಾಗಬೇಕು. ರೀಸೆಟ್ ತಂತಿಯನ್ನು ಬಿಟ್ಟ ಮೇಲೆ ಒಳಗಿನ ಫರ್ಮ್‌ವೇರ್ ಎದ್ದೇಳಬೇಕು. ಆಮೇಲೆ ಬೆರಳಿಲ್ಲದ ಪರದೆ ಹೇಗಿರುತ್ತದೆಂದು ಚಿಪ್ ಅಳೆದು ನೆನಪಿಟ್ಟುಕೊಳ್ಳಬೇಕು. ಆಟಿ ತಿಂಗಳ ಮಳೆಯಲ್ಲಿ ಒದ್ದೆಯಾದ ಪರದೆಯ ಮೇಲೆ ಈ ಅಳತೆ ನಡೆದರೆ ಯಾರೂ ಮುಟ್ಟದೆಯೇ ಟಚ್ ಆಗುವುದೂ ಉಂಟು. ಇಷ್ಟೆಲ್ಲ ಮುಗಿಯುವ ಮುನ್ನವೇ ಚಿಪ್ ಜತೆ ಮಾತಾಡುವ ತಂತ್ರಾಂಶ, ಅಂದರೆ ಡ್ರೈವರ್, ಪ್ರಶ್ನೆ ಕೇಳಿದರೆ ಉತ್ತರ ಬರುವುದಿಲ್ಲ. ಇಲ್ಲಿ ಟಚ್ಚೇ ಇಲ್ಲ ಎಂದುಕೊಂಡು ಡ್ರೈವರ್ ಕೈಬಿಡುತ್ತದೆ. ತೀರಾ ಹೆಚ್ಚು ಕಾದರೆ ಫೋನ್ ನಿಧಾನ ಎನಿಸುತ್ತದೆ. ಎಷ್ಟು ಕಾಯಬೇಕು ಎಂಬ ಈ ಪ್ರಶ್ನೆಗೆ ಎರಡು ದಶಕಗಳಲ್ಲಿ ಉತ್ತರಗಳು ಬದಲಾಗುತ್ತಲೇ ಬಂದಿವೆ.

ಕರ್ನಾಟಕದಲ್ಲಿ ಈ ಕಥೆ ಬೆಂಗಳೂರಿನ ಸಿಂಪ್ಯೂಟರ್‌ನಿಂದ ಶುರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್‌ನ ಎಂಜಿನಿಯರುಗಳೂ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರಲ್ಲಿ ಅವರು ತೋರಿಸಿದ ಅಂಗೈಯ ಕಂಪ್ಯೂಟರಿನಲ್ಲಿ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಲಿನಕ್ಸ್, ಕಡ್ಡಿಯಿಂದ ಒತ್ತಿ ಬಳಸುವ ಪರದೆ ಇದ್ದವು. 2004ರಲ್ಲಿ ಬಿಇಎಲ್ ಮತ್ತು ಪಿಕೊಪೆಟಾ ಕಂಪನಿಗಳು ಅದನ್ನು ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದವು. ಓದು ಬಾರದವರಿಗೂ ಕಂಪ್ಯೂಟರ್ ಸಿಗಲಿ ಎಂದು ಹೊರಟವರು ಟಚ್ಚನ್ನು ಆರಿಸಿಕೊಂಡದ್ದು, ಐಫೋನ್ ಬರುವುದಕ್ಕೆ ವರ್ಷಗಳ ಮುಂಚೆ, ದೊಡ್ಡ ಸಂಗತಿ. ಅದಕ್ಕೆ ಸಿಗಬೇಕಾದ ಮನ್ನಣೆ ಸಿಗಲಿಲ್ಲ ಎಂದೇ ನನ್ನ ಅಭಿಪ್ರಾಯ.

ಆ ಕಾಲದ ಒತ್ತುವ ಪರದೆಗಳಲ್ಲಿ ಕಾಯುವಿಕೆ ಮೈಕ್ರೊಸೆಕೆಂಡುಗಳಲ್ಲಿತ್ತು. ಎರಡು ವಾಹಕ ಪದರಗಳು, ಒಂದರ ಮೇಲೆ ವೋಲ್ಟೇಜು ಕೊಟ್ಟು ಇನ್ನೊಂದರಿಂದ ಓದುವುದು, ಇಷ್ಟೇ. 2005ರ ಹೊತ್ತಿಗೆ ಡೇವಿಡ್ ಬ್ರೌನೆಲ್ ಬರೆದ, ಎಡಿಎಸ್7846 ಎಂಬ ಟಚ್ ಚಿಪ್‌ನ ಲಿನಕ್ಸ್ ಡ್ರೈವರಿನಲ್ಲಿ ವೋಲ್ಟೇಜು ನೆಲೆಗೊಳ್ಳುವ ಹೊತ್ತನ್ನು ಬೋರ್ಡ್ ತಯಾರಿಸುವವರೇ ತುಂಬುವಂತೆ ಬಿಟ್ಟಿದ್ದರು. ಬೋರ್ಡ್ ಬದಲಾದರೆ ಆ ಹೊತ್ತೂ ಬದಲಾಗಬಹುದು ಎಂಬ ತಿಳಿವಳಿಕೆ ಅದರ ಹಿಂದಿತ್ತು.

2007ರ ನಂತರ ಬೆರಳಿನ ವಿದ್ಯುದ್ಧಾರಕತೆ ಅಳೆಯುವ ಪರದೆಗಳು ಎಲ್ಲೆಡೆ ಬಂದವು. ಟಚ್ ಚಿಪ್ ತಾನೇ ಒಂದು ಪುಟ್ಟ ಕಂಪ್ಯೂಟರಾಯಿತು. ಕಾಯುವಿಕೆ ಒಮ್ಮೆಲೇ ಮಿಲಿಸೆಕೆಂಡುಗಳಿಗೆ, ನೂರಾರು ಮಿಲಿಸೆಕೆಂಡುಗಳಿಗೆ ಜಿಗಿಯಿತು. 2012ರಲ್ಲಿ ಲಿನಕ್ಸ್‌ಗೆ ಸೇರಿದ ಎಫ್‌ಟಿ5ಎಕ್ಸ್06 ಚಿಪ್‌ಗಳ ಡ್ರೈವರ್ ಈಗ ರೀಸೆಟ್ ಬಿಟ್ಟ ಮೇಲೆ 300 ಮಿಲಿಸೆಕೆಂಡ್ ಸುಮ್ಮನೆ ಮಲಗುತ್ತದೆ. ಚಿಪ್ ಬೆರಳಿನ ಜಾಗ ಹೇಳಲು ಶುರುಮಾಡುವುದಕ್ಕೆ ಬೇಕೆಂದು ಚಿಪ್ ತಯಾರಕರ ಡೇಟಾಶೀಟ್ ಹೇಳುವ ಹೊತ್ತು ಅದು.

ಗುಡಿಕ್ಸ್ ಚಿಪ್‌ಗಳ ಡ್ರೈವರ್ ಇನ್ನೂ ಹತ್ತಿರದಿಂದ ನೋಡಲು ತಕ್ಕದ್ದು. ಅದು ರೀಸೆಟ್ ತಂತಿಯನ್ನು 20 ಮಿಲಿಸೆಕೆಂಡ್ ಕೆಳಗೆ ಹಿಡಿಯುತ್ತದೆ; 10 ಮೀರಿದರೆ ಸಾಕೆಂದು ಪಕ್ಕದಲ್ಲೇ ಬರೆದಿದೆ. ನಂತರ ಇಂಟರಪ್ಟ್ ತಂತಿಯನ್ನು (ಚಿಪ್ ಫೋನಿನ ಗಮನ ಸೆಳೆಯುವ ತಂತಿ) ಮೇಲೋ ಕೆಳಗೋ ಇಟ್ಟು ಕನಿಷ್ಠ 100 ಮೈಕ್ರೊಸೆಕೆಂಡ್ ಕಾಯುತ್ತದೆ, ರೀಸೆಟ್ ಬಿಡುತ್ತದೆ, 5 ಮಿಲಿಸೆಕೆಂಡಿಗಿಂತ ಹೆಚ್ಚು ತಡೆಯುತ್ತದೆ. ಕೊನೆಗೆ ಇಂಟರಪ್ಟ್ ತಂತಿಯನ್ನು 50 ಮಿಲಿಸೆಕೆಂಡ್ ಕೆಳಗಿಡುತ್ತದೆ. ರೀಸೆಟ್ ಬಿಡುವಾಗ ಇಂಟರಪ್ಟ್ ತಂತಿ ಮೇಲಿದ್ದರೆ ಚಿಪ್‌ನ ವಿಳಾಸ 0x14, ಕೆಳಗಿದ್ದರೆ 0x5ಡಿ. ಕ್ರಮ ತಪ್ಪಿದರೆ ಚಿಪ್ ಬೇರೆ ವಿಳಾಸದಲ್ಲಿ ಎದ್ದು ಕೂರುತ್ತದೆ, ಡ್ರೈವರ್ ಖಾಲಿ ಮನೆಯ ಬಾಗಿಲು ಬಡಿಯುತ್ತದೆ. ಪ್ರತಿ ಸಂಖ್ಯೆಗೂ ಡೇಟಾಶೀಟಿನ ಗುರುತು ಪಕ್ಕದಲ್ಲೇ ಇರುವುದರಿಂದ ಈ ಭಾಗವನ್ನು ನಾನು ಮಾದರಿ ಎಂದು ಎಣಿಸುತ್ತೇನೆ.

ಕಾಯುವ ವಿಧಾನವೂ ಬೆಳೆಯಿತು. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಕಾಯಲು ಇರುವ ಹಳೆಯ ಎಂಸ್ಲೀಪ್‌ಗೆ 1 ಮಿಲಿಸೆಕೆಂಡ್ ಎಂದು ಹೇಳಿದರೂ ಸುಮಾರು 20ರಷ್ಟು ಮಲಗಿಬಿಡಬಹುದು. 2010ರಲ್ಲಿ ಬಂದ ಯುಸ್ಲೀಪ್‌ರೇಂಜ್ ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂದು ಮಿತಿ ಕೊಡಲು ಅವಕಾಶ ಮಾಡಿತು. 2015ರಲ್ಲಿ ಇನ್‌ಪುಟ್ ವಿಭಾಗದ ಮೇಲ್ವಿಚಾರಕ ಡಿಮಿಟ್ರಿ ಟೊರೊಖೋವ್, ಡ್ರೈವರುಗಳು ಒಂದಕ್ಕೊಂದು ಕಾಯದೆ ಸಮಾನಾಂತರವಾಗಿ ಏಳುವ ವ್ಯವಸ್ಥೆ ತಂದರು. ಟಚ್ ತನ್ನ 300 ಮಿಲಿಸೆಕೆಂಡ್ ಮಲಗಿದ್ದರೂ ಉಳಿದ ಕೆಲಸ ನಿಲ್ಲಬೇಕಾಗಿಲ್ಲ.

ಚಿಪ್ ತಾನೇ ‘ಸಿದ್ಧ’ ಎಂದು ಹೇಳಿದರೆ ಊಹೆಯೇ ಬೇಡವಲ್ಲ? 2012ರಲ್ಲಿ ಮೈಕ್ರೊಸಾಫ್ಟ್ ತಂದ ಐ2ಸಿ ಮೇಲಿನ ಎಚ್‌ಐಡಿ ಒಪ್ಪಂದದ, ಅಂದರೆ ಟಚ್‌ನಂಥ ಸಾಧನಗಳು ಕಂಪ್ಯೂಟರಿನೊಂದಿಗೆ ಮಾತಾಡುವ ನಿಯಮಗಳ, ಆಸೆ ಅದೇ. ರೀಸೆಟ್ ಆದೇಶಕ್ಕೆ ಚಿಪ್ ಇಂಟರಪ್ಟ್ ಮೂಲಕ ಉತ್ತರಿಸಬೇಕು. ಎದ್ದೇಳಲು ಹೊತ್ತು ಬೇಕಿದ್ದರೆ ಐ2ಸಿಯ ಗಡಿಯಾರದ ತಂತಿಯನ್ನು ತಾನೇ ಹಿಡಿದಿಟ್ಟು ತಡೆಯಬೇಕು. ಕಾಗದದ ಮೇಲೆ ಸೊಗಸಾಗಿತ್ತು. ಆದರೆ ವಿಂಡೋಸ್ ಡ್ರೈವರ್ ಮಾತ್ರ ಎಬ್ಬಿಸುವ ಆದೇಶದ ನಂತರ ಸದ್ದಿಲ್ಲದೆ ಸ್ವಲ್ಪ ಕಾಯುತ್ತಿತ್ತು, ಚಿಪ್‌ಗಳು ಆ ಬಿಡುವಿಗೇ ಒಗ್ಗಿಕೊಂಡಿದ್ದವು. ಒಪ್ಪಂದವನ್ನು ಅಕ್ಷರಶಃ ಪಾಲಿಸಿದ ಲಿನಕ್ಸ್‌ನಲ್ಲಿ ಹಲವು ಟಚ್‌ಗಳು ಏಳಲಿಲ್ಲ. ಕೊನೆಗೆ 60 ಮಿಲಿಸೆಕೆಂಡಿನ ನಿದ್ದೆಯನ್ನು ಸೇರಿಸಿ, ಕಾರಣವನ್ನು ಟಿಪ್ಪಣಿಯಲ್ಲಿ ಬರೆದಿಟ್ಟರು. ಈ ಕ್ಷೇತ್ರದ ಚರಿತ್ರೆಯಲ್ಲಿ ನನಗೆ ಅತಿ ಮುಖ್ಯವೆನಿಸುವುದು ಇದೇ ಪ್ರಸಂಗ. ಚಿಪ್‌ಗೆ ನಿಜವಾಗಿ ಎಷ್ಟು ಹೊತ್ತು ಬೇಕೆಂಬುದು ಒಪ್ಪಂದದಿಂದ ತಿಳಿಯಲಿಲ್ಲ, ಯಂತ್ರದ ಮೇಲೆ ಪರೀಕ್ಷಿಸಿದಾಗ ತಿಳಿಯಿತು.

2021ರಲ್ಲಿ ಗೂಗಲ್‌ನ ಡಗ್ಲಸ್ ಆಂಡರ್ಸನ್ ಲಿನಕ್ಸ್‌ನ ಈ ಐ2ಸಿ ಎಚ್‌ಐಡಿ ಡ್ರೈವರನ್ನು ಭಾಗಗಳಾಗಿ ಬಿಡಿಸಿ, ಚಿಪ್‌ನ ಹೆಸರಿನೊಂದಿಗೇ ಅದರ ಸಮಯಗಳನ್ನು ಜೋಡಿಸಿದರು: ಗುಡಿಕ್ಸ್ ಜಿಟಿ7375ಪಿಗೆ ರೀಸೆಟ್ ನಂತರ 180 ಮಿಲಿಸೆಕೆಂಡ್; ಆಮೇಲೆ ಸೇರಿದ ಎಲಾನ್‌ನ ಒಂದು ಚಿಪ್‌ಗೆ 300. 2023ರಲ್ಲಿ ಡಿಸ್‌ಪ್ಲೇಗೂ ಟಚ್‌ಗೂ ಒಂದೇ ವಿದ್ಯುತ್ ಮೂಲವಿರುವ ಯಂತ್ರಗಳಿಗಾಗಿ, ಡಿಸ್‌ಪ್ಲೇ ಎದ್ದ ಮೇಲೆಯೇ ಟಚ್ ಏಳುವ ಏರ್ಪಾಡೂ ಬಂತು.

ರಿಪೇರಿಯವರ ಮೇಜಿನ ಮೇಲಿನ ಸಮಸ್ಯೆಗೆ ಇದು ಹತ್ತಿರದ ಕೊಂಡಿ. ಈಗಿನ ಅನೇಕ ಫೋನ್‌ಗಳಲ್ಲಿ ಡಿಸ್‌ಪ್ಲೇ ಮತ್ತು ಟಚ್ ಎರಡನ್ನೂ ಒಂದೇ ಚಿಪ್ ನಡೆಸುತ್ತದೆ. ಕೆಲವುಗಳಲ್ಲಿ ಫರ್ಮ್‌ವೇರ್ ಇಟ್ಟುಕೊಳ್ಳುವ ಜಾಗವೇ ಇರದೆ, ಫೋನ್ ಎದ್ದಾಗೆಲ್ಲ ಡ್ರೈವರ್ ಅದನ್ನು ತುಂಬಿಸಬೇಕು. ಡಿಸ್‌ಪ್ಲೇ, ಟಚ್ ಎರಡೂ ಕೂಡಿದ ಕಾಂಬೊ ಬದಲಿಸುವಾಗ ಬೇರೆ ತಯಾರಕರ ಚಿಪ್ ಬಂದು ಕುಳಿತರೆ, ಹಳೆಯ ಚಿಪ್‌ಗೆ ಹೊಂದಿಸಿದ ಸಮಯ ಹೊಸದಕ್ಕೆ ಸಾಲದೆ ಹೋಗಬಹುದು. ಫೋನ್ ಬಿಚ್ಚಿ ಮತ್ತೆ ಜೋಡಿಸಿದರೆ ಅದು ಸರಿಯಾಗುವುದಿಲ್ಲ. ‘ಕೆಲಸ ಗೊತ್ತಿಲ್ಲ’ ಎಂದು ರಿಪೇರಿಯವರನ್ನು ಬೈಯುವುದು ಅನ್ಯಾಯ.

ಬೆಂಜನಪದವಿನ ಕೆನರಾ, ಉಜಿರೆಯ ಎಸ್‌ಡಿಎಂ, ಮಿಜಾರಿನ ಆಳ್ವಾಸ್, ಬಡಗ ಮಿಜಾರಿನ ಮೈಟ್, ತೋಡಾರಿನ ಯೆನೆಪೊಯ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆಯಿಲ್ಲ. ಲಿನಕ್ಸ್ ಡ್ರೈವರುಗಳ ಮೂಲ ಯಾರಿಗೂ ತೆರೆದೇ ಇದೆ. ಅಲ್ಲಿನ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟು: ಅಂತಿಮ ವರ್ಷದ ಪ್ರಾಜೆಕ್ಟಿಗೆ ಒಂದು ಟಚ್ ಮಾಡ್ಯೂಲ್ ಕೊಡಿ, ವಿದ್ಯುತ್, ರೀಸೆಟ್ ಮತ್ತು ಇಂಟರಪ್ಟ್ ತಂತಿಗಳಿಗೆ ಆಸಿಲೋಸ್ಕೋಪ್ ಹಚ್ಚಿಸಿ, ಡೇಟಾಶೀಟಿನ ಸಂಖ್ಯೆಗೂ ಕಂಡ ಸಂಖ್ಯೆಗೂ ಇರುವ ಅಂತರವನ್ನು ಬರೆಸಿ. ಅಂತರ ದೊಡ್ಡದಿದ್ದರೆ ತಿದ್ದುಪಡಿಯನ್ನು ಕಾರಣ ಸಮೇತ ಕರ್ನಲ್‌ಗೆ ಕಳಿಸಲು ಮಕ್ಕಳಿಗೆ ಹೇಳಿ.