ನೆಲದ ಮೇಲೆ ಕುಳಿತು ಹಾರುವ ವಿದ್ಯೆ

ಹಲಸೂರು, ಇಂದಿರಾನಗರ, ಮುರುಗೇಶಪಾಳ್ಯದ ಕಡೆಯ ಶಾಲೆಗಳಲ್ಲಿ ಓದಿದವರಿಗೆ ಒಂದು ಸಂಗತಿ ನೆನಪಿರಬಹುದು. ಹೆಲಿಕಾಪ್ಟರ್ ತಲೆಯ ಮೇಲೆ ಹಾದುಹೋಗುವಾಗ ಪಾಠ ತಾನಾಗಿಯೇ ನಿಲ್ಲುತ್ತಿತ್ತು. ಎಷ್ಟು ಗಟ್ಟಿಯಾಗಿ ಹೇಳಿದರೂ ಹಿಂದಿನ ಬೆಂಚಿಗೆ ಕೇಳುತ್ತಿರಲಿಲ್ಲ. ಕೇಳುವ ಮನಸ್ಸೂ ಯಾರಿಗೂ ಇರುತ್ತಿರಲಿಲ್ಲ. ಹಾಗೆ ಕಿಟಕಿಯತ್ತ ಕತ್ತು ಹೊರಳಿಸಿದ ಮಕ್ಕಳಲ್ಲಿ ಕೆಲವರು ಈಗ ತಮ್ಮ ಮಕ್ಕಳೊಡನೆ ಮನೆಯಲ್ಲಿ ಕುಳಿತು ಗಣಕದ ತೆರೆಯ ಮೇಲೆ ಹೆಲಿಕಾಪ್ಟರ್ ಹಾರಿಸುತ್ತಿದ್ದಾರೆ. ಅವರಲ್ಲೊಬ್ಬರು, "ಸಾರ್, ಇದು ಬರಿಯ ಆಟವೋ, ವಿದ್ಯೆಯೂ ಹೌದೋ? ಹೊಸಬರು ಎಲ್ಲಿಂದ ಆರಂಭಿಸಬೇಕು?" ಎಂದು ಕೇಳಿದ್ದಾರೆ. ಉತ್ತರವನ್ನು ಎಲ್ಲರಿಗೂ ಒಟ್ಟಿಗೆ ಹೇಳಿಬಿಡುವುದು ಲೇಸೆಂದು ಈ ಬರಹ.

ಹಾರಾಟವನ್ನು ನೆಲದ ಮೇಲೆಯೇ ಕಲಿಸುವ ಯಂತ್ರ ಹುಟ್ಟಿದ್ದು ವಿಮಾನದ ಕಾರ್ಖಾನೆಯಲ್ಲಲ್ಲ, ಸಂಗೀತ ವಾದ್ಯಗಳ ಕಾರ್ಖಾನೆಯಲ್ಲಿ. ಅಮೆರಿಕದ ಬಿಂಗ್‌ಹ್ಯಾಮ್ಟನ್ ಊರಿನ ಎಡ್ವಿನ್ ಲಿಂಕ್ ಎಂಬಾತನ ತಂದೆ ಆರ್ಗನ್ ಮತ್ತು ಪಿಯಾನೋ ತಯಾರಿಸುತ್ತಿದ್ದರು. ನಮ್ಮ ಹಾರ್ಮೋನಿಯಂನಲ್ಲಿ ಇರುವಂತೆಯೇ ಆರ್ಗನ್‌ನಲ್ಲಿಯೂ ತಿದಿಗಳಿರುತ್ತವೆ. ವಿಮಾನ ಹಾರಿಸಲು ಕಲಿಯುವ ಹಂಬಲವಿದ್ದ ಲಿಂಕ್, ಆ ತಿದಿಗಳ ಮೇಲೆ ಪುಟ್ಟದೊಂದು ವಿಮಾನದ ಆಕೃತಿಯನ್ನು ಕೂರಿಸಿ, ಒಳಗಿನ ಹಿಡಿಕೆಯನ್ನು ಅಲುಗಿಸಿದಂತೆ ಅದು ವಾಲುವ ಹಾಗೆ 1929ರಲ್ಲಿ ಯಂತ್ರವೊಂದನ್ನು ಸಿದ್ಧಪಡಿಸಿದ. ವಾಯುಪಡೆಯವರು ಅದನ್ನು ಮೊದಮೊದಲು ಗಂಭೀರವಾಗಿ ಪರಿಗಣಿಸಲಿಲ್ಲ. ಅದು ಹೆಚ್ಚಾಗಿ ಜಾತ್ರೆ, ಉದ್ಯಾನಗಳಲ್ಲಿ ಕಾಸು ಹಾಕಿ ಆಡುವ ಆಟಿಕೆಯಾಗಿತ್ತು.

ಮನಸ್ಸು ಬದಲಾದದ್ದು ಸಾವುಗಳಿಂದ. 1934ರಲ್ಲಿ ಅಮೆರಿಕದ ಸರ್ಕಾರ ಅಂಚೆ ಸಾಗಿಸುವ ಹೊಣೆಯನ್ನು ಸೇನೆಯ ವಿಮಾನದಳಕ್ಕೆ ವಹಿಸಿತು. ಮಂಜು, ಮೋಡ, ಇರುಳಿನಲ್ಲಿ ಉಪಕರಣಗಳನ್ನಷ್ಟೇ ನಂಬಿ ಹಾರುವ ಅಭ್ಯಾಸವಿಲ್ಲದ ಎಳೆಯ ಚಾಲಕರು ಕೆಲವೇ ವಾರಗಳಲ್ಲಿ ಒಬ್ಬರ ಹಿಂದೊಬ್ಬರು ಪ್ರಾಣ ಕಳೆದುಕೊಂಡರು. ಆಗ ಅಧಿಕಾರಿಗಳು ಲಿಂಕ್‌ನನ್ನು ಕರೆಸಿದರು. ಕೆಟ್ಟ ಹವೆಯ ನಡುವೆಯೂ ಅವನು ಉಪಕರಣಗಳ ನೆರವಿನಿಂದಲೇ ಹಾರಿ ಬಂದು ಇಳಿದ. ಸೇನೆ ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಲಕ್ಷಾಂತರ ಚಾಲಕರು ಅದರಲ್ಲಿ ಕುಳಿತು ಕಲಿತಿದ್ದರು. ಆಟಿಕೆ ಎನಿಸಿಕೊಂಡದ್ದು ಪ್ರಾಣ ಉಳಿಸುವ ಪಾಠಶಾಲೆಯಾಯಿತು. ಸಿಮ್ಯುಲೇಟರ್ ಎಂಬ ಹೆಸರಿನ ಹಿಂದೆ ಈ ಕಥೆಯಿದೆ ಎಂಬುದನ್ನು ಮರೆಯಬಾರದು.

ಇನ್ನು ನಮ್ಮ ಊರಿಗೆ ಬರೋಣ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ದಂಡು ಪ್ರದೇಶದಿಂದ ಪೂರ್ವಕ್ಕೆ, ಹಲಸೂರು ದೊಮ್ಮಲೂರುಗಳನ್ನು ದಾಟಿದರೆ ಬರೀ ಹೊಲ, ತೋಪುಗಳಿದ್ದ ಕಾಲವದು. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ವಿಮಾನಪುರ ಎಂಬ ಹೆಸರೇ ನಿಂತಿತು. 1964ರಲ್ಲಿ ಸಂಸ್ಥೆ ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು. ನಮ್ಮೆಲ್ಲರ ಬಾಯಲ್ಲಿ ಅದು ಎಂದಿಗೂ ಎಚ್.ಎ.ಎಲ್.

ಹೆಲಿಕಾಪ್ಟರಿನ ಅಧ್ಯಾಯ ಆರಂಭವಾದದ್ದು 1962ರಲ್ಲಿ. ಫ್ರಾನ್ಸಿನ ಸೂದ್ ಏವಿಯಾಸಿಯೋ ಸಂಸ್ಥೆಯೊಡನೆ ಆದ ಒಪ್ಪಂದದಂತೆ 'ಅಲುಯೆತ್ 3' ಹೆಲಿಕಾಪ್ಟರನ್ನು ಇಲ್ಲಿಯೇ ತಯಾರಿಸಲು ತೊಡಗಿ, ಅದಕ್ಕೆ ರಾಣಾ ಪ್ರತಾಪನ ಕುದುರೆಯ ಹೆಸರನ್ನಿಟ್ಟರು: ಚೇತಕ್. ಮೊದಲ ಚೇತಕ್ 1965ರಲ್ಲಿ ಹೊರಬಂದಿತು. ಅದರ ಬೆನ್ನಿಗೆ, 1970ರ ಒಪ್ಪಂದದ ಫಲವಾಗಿ, ಎತ್ತರದ ಹಿಮಶಿಖರಗಳಿಗೆಂದೇ ಹೇಳಿಮಾಡಿಸಿದಂತಹ ಚೀತಾ ಬಂದಿತು. 1984ರಲ್ಲಿ ಜರ್ಮನಿಯ ಎಂ.ಬಿ.ಬಿ. ಸಂಸ್ಥೆಯ ನೆರವಿನೊಡನೆ ನಮ್ಮದೇ ವಿನ್ಯಾಸದ ಹೆಲಿಕಾಪ್ಟರಿನ ಕೆಲಸ ಮೊದಲಾಗಿ, 1992ರ ಆಗಸ್ಟಿನಲ್ಲಿ ಬೆಂಗಳೂರಿನ ಆಕಾಶದಲ್ಲಿ ಅದು ಮೊದಲ ಬಾರಿಗೆ ಹಾರಿತು. ಅದೇ ಧ್ರುವ.

ಯಂತ್ರಗಳು ಹೆಚ್ಚಿದಂತೆ ಅವನ್ನು ನಡೆಸುವವರ ತರಬೇತಿಯ ಪ್ರಶ್ನೆಯೂ ಎದ್ದಿತು. ಎಚ್.ಎ.ಎಲ್. ಮತ್ತು ಕೆನಡಾದ ಸಿ.ಎ.ಇ. ಸಂಸ್ಥೆಗಳು ಜೊತೆಗೂಡಿ ಹೆಲಿಕಾಪ್ಟರ್ ಚಾಲಕರಿಗಾಗಿಯೇ ಒಂದು ಸಿಮ್ಯುಲೇಟರ್ ಅಕಾಡೆಮಿಯನ್ನು ಬೆಂಗಳೂರಿನಲ್ಲಿ ಕಟ್ಟಿದವು. ಅದರ ಉದ್ದನೆಯ ಹೆಸರಿನ ಆದ್ಯಕ್ಷರಗಳು ಸೇರಿ 'ಹ್ಯಾಟ್ಸಾಫ್' ಎಂದಾಗುತ್ತದೆ. 2010ರಲ್ಲಿ ಅದು ಕೆಲಸ ಆರಂಭಿಸಿತು. ಅಲ್ಲಿನ ವಿಶೇಷವೆಂದರೆ, ಅಲುಗಾಡುವ ವೇದಿಕೆ ಒಂದೇ. ಅದರ ಮೇಲೆ ಬೇರೆ ಬೇರೆ ಹೆಲಿಕಾಪ್ಟರುಗಳ ಚಾಲಕರ ಕೋಣೆಗಳನ್ನು ಗಾಲಿಯ ಮೇಲೆ ತಂದು ಕೂರಿಸಿ ತೆಗೆಯಬಹುದು. ಮೊದಲು ಬಂದದ್ದು ಬೆಲ್ 412ರ ಕೋಣೆ. ಧ್ರುವಕ್ಕೂ ಅಲ್ಲಿ ಕೋಣೆಗಳುಂಟು. ಎಂಜಿನ್ ನಿಂತುಹೋದರೆ, ಬಾಲದ ರೋಟರ್ ಕೆಟ್ಟರೆ, ಇರುಳಿನಲ್ಲಿ ಸಮುದ್ರದ ನಡುವಿನ ತೈಲವೇದಿಕೆಯ ಮೇಲೆ ಇಳಿಯಬೇಕಾದರೆ ಏನು ಮಾಡಬೇಕೆಂಬುದನ್ನು ನಿಜವಾದ ಯಂತ್ರದಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಲಾಗದು. ಇಲ್ಲಿ ಮಾಡಬಹುದು, ತಪ್ಪಬಹುದು, ತಪ್ಪಿಯೂ ಮನೆಗೆ ಹೋಗಿ ಊಟ ಮಾಡಬಹುದು.

ಮನೆಯ ಗಣಕಕ್ಕೆ ಈ ವಿದ್ಯೆ ಬಂದ ದಾರಿ ಬೇರೆ. ಬ್ರೂಸ್ ಆರ್ಟ್‌ವಿಕ್ ಎಂಬಾತ ರೂಪಿಸಿದ ತಂತ್ರಾಂಶವನ್ನು ಮೈಕ್ರೋಸಾಫ್ಟ್ 1982ರಲ್ಲಿ 'ಫ್ಲೈಟ್ ಸಿಮ್ಯುಲೇಟರ್' ಎಂಬ ಹೆಸರಿನಲ್ಲಿ ಹೊರತಂದಿತು. ಅದರಲ್ಲಿ ಹೆಲಿಕಾಪ್ಟರ್ ಕಾಣಿಸಿಕೊಳ್ಳಲು 1997ರವರೆಗೆ ಕಾಯಬೇಕಾಯಿತು. ಆ ವರ್ಷದ ಆವೃತ್ತಿಯಲ್ಲಿ ಬೆಲ್ 206 ಸೇರಿತು. ತಮ್ಮ ತಮ್ಮ ಮನೆಗಳಲ್ಲಿ ಕುಳಿತವರು ಅಂತರಜಾಲದ ಮೂಲಕ ಒಂದೇ ಆಕಾಶದಲ್ಲಿ ಹಾರುವ, ಮತ್ತೊಬ್ಬರು ವಾಯು ಸಂಚಾರ ನಿಯಂತ್ರಕರಾಗಿ ಅವರೊಡನೆ ಮಾತನಾಡುವ 'ವ್ಯಾಟ್‌ಸಿಮ್' ಜಾಲ 2001ರಲ್ಲಿ ಆರಂಭವಾಯಿತು. ಹಣ ಕೊಡಲಾಗದವರಿಗೆ 'ಫ್ಲೈಟ್‌ಗಿಯರ್' ಎಂಬ ಉಚಿತ ತಂತ್ರಾಂಶವಿದೆ, ಅದರಲ್ಲಿಯೂ ಹೆಲಿಕಾಪ್ಟರುಗಳಿವೆ. ಮೈಕ್ರೋಸಾಫ್ಟಿನ 2020ರ ಆವೃತ್ತಿಗೆ 2022ರ ನವೆಂಬರಿನಲ್ಲಿ ಬೆಲ್ 407 ಮತ್ತು ಫ್ರಾನ್ಸಿನ ಪುಟ್ಟ ಕಾಬ್ರಿ ಜಿ2 ಸೇರಿದವು.

ಈಗ ಹೊಸಬರಿಗೆ ಕೆಲವು ಮಾತು. ಹೆಲಿಕಾಪ್ಟರಿನಲ್ಲಿ ಎರಡು ಕೈ, ಎರಡು ಕಾಲು, ನಾಲ್ಕಕ್ಕೂ ಏಕಕಾಲಕ್ಕೆ ಕೆಲಸ. ಎಡಗೈಯಲ್ಲಿ ಕಲೆಕ್ಟಿವ್ ಎಂಬ ಸನ್ನೆ. ಅದನ್ನು ಮೇಲಕ್ಕೆತ್ತಿದರೆ ರೋಟರಿನ ಎಲ್ಲ ಅಲಗುಗಳೂ ಒಟ್ಟಿಗೆ ಓರೆಯಾಗಿ ಯಂತ್ರ ಮೇಲೇರುತ್ತದೆ. ಬಲಗೈಯಲ್ಲಿ ಸೈಕ್ಲಿಕ್, ಅದನ್ನು ಬಾಗಿಸಿದ ದಿಕ್ಕಿಗೆ ಯಂತ್ರ ಸಾಗುತ್ತದೆ. ನಿಂತಲ್ಲೇ ಇರುವ ಈ ಹಿಡಿಕೆಗಳ ಚಲನೆಯನ್ನು ಗಿರಗಿರನೆ ತಿರುಗುವ ಅಲಗುಗಳಿಗೆ ತಲುಪಿಸುವ ತಟ್ಟೆಯಾಕಾರದ ಭಾಗಕ್ಕೆ ಸ್ವಾಶ್ ಪ್ಲೇಟ್ ಎನ್ನುತ್ತಾರೆ. ಕಾಲ ಕೆಳಗಿನ ಪೆಡಲುಗಳು ಬಾಲದ ರೋಟರನ್ನು ನಿಯಂತ್ರಿಸುತ್ತವೆ. ಮೇಲಿನ ರೋಟರ್ ಒಂದು ಕಡೆಗೆ ತಿರುಗಿದರೆ ಒಡಲು ಎದುರು ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಹತ್ತನೆಯ ತರಗತಿಯವರಿಗೆ ಪರಿಚಿತವಾದ ಕ್ರಿಯೆ ಮತ್ತು ಪ್ರತಿಕ್ರಿಯೆಯ ನಿಯಮವೇ ಇದು. ಬಾಲದ ರೋಟರ್ ಅದನ್ನು ತಡೆಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಅಮೆರಿಕದ ಬೆಲ್ ಹೆಲಿಕಾಪ್ಟರುಗಳ ರೋಟರ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಕಲೆಕ್ಟಿವ್ ಎತ್ತುವಾಗ ಎಡಗಾಲು ಒತ್ತಬೇಕು. ಫ್ರೆಂಚ್ ಮೂಲದ ಚೇತಕ್, ಕಾಬ್ರಿಗಳಲ್ಲಿ ರೋಟರ್ ಮುಳ್ಳಿನ ದಿಕ್ಕಿಗೇ ತಿರುಗುತ್ತದೆ, ಅಲ್ಲಿ ಬಲಗಾಲು. ಆದ್ದರಿಂದ ಮೊದಲ ಕೆಲವು ವಾರ ಒಂದೇ ಯಂತ್ರವನ್ನು ಹಿಡಿದು ಕಲಿಯಿರಿ. ಇವತ್ತೊಂದು ನಾಳೆಯೊಂದು ಎಂದರೆ ಕಾಲುಗಳಿಗೆ ಗೊಂದಲ.

ಆರಂಭಕ್ಕೆ ದುಬಾರಿ ಸಲಕರಣೆ ಬೇಡ. ಹಿಡಿಯನ್ನು ತಿರುಚಲು ಬರುವ, ಪಕ್ಕದಲ್ಲೊಂದು ಸನ್ನೆಯಿರುವ ಸಾಮಾನ್ಯ ಜಾಯ್‌ಸ್ಟಿಕ್ ಸಾಕು. ತಿರುಚುವುದು ಪೆಡಲಿನ ಕೆಲಸ ಮಾಡುತ್ತದೆ. ಎಲ್ಲರೂ ಮೊದಲ ದಿನವೇ ನೆಲದಿಂದ ಎರಡಾಳೆತ್ತರದಲ್ಲಿ ನಿಶ್ಚಲವಾಗಿ ನಿಲ್ಲಲು ಹೊರಡುತ್ತಾರೆ. ಅದೇ ಅತಿ ಕಷ್ಟದ ಪಾಠ. ಹೆಲಿಕಾಪ್ಟರ್ ಬೆರಳ ತುದಿಯ ಮೇಲೆ ನಿಲ್ಲಿಸಿದ ಕೋಲಿನಂತೆ. ತಾನಾಗಿ ನಿಲ್ಲುವುದಿಲ್ಲ, ಸದಾ ನಿಲ್ಲಿಸುತ್ತಿರಬೇಕು. ಮೊದಲು ಎತ್ತರದಲ್ಲಿ, ಮುಂದಕ್ಕೆ ಹಾರುತ್ತಾ ನೇರ ಸಾಗುವುದನ್ನೂ ಮೆಲ್ಲನೆ ತಿರುಗುವುದನ್ನೂ ಕಲಿಯಿರಿ. ಮುಂದಕ್ಕೆ ಸಾಗುವಾಗ ರೋಟರಿಗೆ ಹೊಸ ಗಾಳಿ ಸಿಗುವುದರಿಂದ ಯಂತ್ರ ಹಗುರಾಗುತ್ತದೆ, ವಿಧೇಯವೂ ಆಗುತ್ತದೆ. ಆಮೇಲೆ ವೇಗವನ್ನು ದಿನದಿನಕ್ಕೆ ತಗ್ಗಿಸುತ್ತಾ ನಿಲ್ಲುವ ಹಂತಕ್ಕೆ ಬನ್ನಿ. ಕೈಯ ಚಲನೆ ಅತ್ಯಲ್ಪವಾಗಿರಲಿ. ಕಣ್ಣು ಮುಂದಿನ ನೆಲದ ಮೇಲಲ್ಲ, ದೂರದ ದಿಗಂತದ ಮೇಲಿರಲಿ. ಬೈಸಿಕಲ್ ಕಲಿಯುವಾಗ ನಮ್ಮ ಹಿರಿಯರು ಹೇಳುತ್ತಿದ್ದುದೂ ಇದನ್ನೇ.

ಎರಡು ಅಪಾಯಗಳನ್ನು ಬೇಕೆಂದೇ ಅಭ್ಯಾಸ ಮಾಡಿ. ನಿಂತಲ್ಲಿಂದ ನೇರ ಕೆಳಕ್ಕೆ ರಭಸವಾಗಿ ಇಳಿದರೆ ಹೆಲಿಕಾಪ್ಟರ್ ತಾನೇ ಕೆಳಗೆ ತಳ್ಳಿದ ಗಾಳಿಯ ಸುಳಿಯಲ್ಲಿ ಸಿಕ್ಕಿಬೀಳುತ್ತದೆ. ಆಗ ಕಲೆಕ್ಟಿವನ್ನು ಎತ್ತಿದಷ್ಟೂ ಇಳಿತ ಹೆಚ್ಚುತ್ತದೆ. ಸೈಕ್ಲಿಕ್ಕನ್ನು ಮುಂದಕ್ಕೊತ್ತಿ ಆ ಸುಳಿಯಿಂದ ಹೊರಬರಬೇಕು. ಎರಡನೆಯದು ಎಂಜಿನ್ ನಿಲ್ಲುವುದು. ಕೂಡಲೇ ಕಲೆಕ್ಟಿವನ್ನು ಕೆಳಗಿಳಿಸಿದರೆ ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರನ್ನು ತಿರುಗಿಸುತ್ತಿರುತ್ತದೆ. ನೆಲ ಹತ್ತಿರವಾದಾಗ ಮೂತಿಯನ್ನೆತ್ತಿ ವೇಗ ತಗ್ಗಿಸಿ, ಉಳಿದ ಆ ತಿರುಗುವಿಕೆಯನ್ನೇ ಬಳಸಿ ಮೆತ್ತಗೆ ಇಳಿಯಬಹುದು. ಭೀತಿಯಿಂದ ಕೈ ಮೇಲಕ್ಕೆಳೆಯುವುದು ಮನುಷ್ಯ ಸಹಜ. ಅದನ್ನು ಕೆಳಗಿಳಿಸಲು ಕಲಿಸುವುದೇ ಅಭ್ಯಾಸ.

ತೆರೆಯ ಮೇಲೆ ನಮ್ಮ ಹಳೆಯ ವಿಮಾನ ನಿಲ್ದಾಣವನ್ನೇ ಆರಿಸಿಕೊಳ್ಳಿ. 2008ರ ಮೇ ತಿಂಗಳಲ್ಲಿ ಪ್ರಯಾಣಿಕ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದರೂ ಎಚ್.ಎ.ಎಲ್.ನ ಓಡುದಾರಿ ಇದ್ದಲ್ಲೇ ಇದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನೆಲವಾದ್ದರಿಂದ ಗಾಳಿ ತುಸು ತೆಳು. ಮಂಗಳೂರಿನ ಕಡಲ ತೀರದಲ್ಲಿ ಮೇಲೇಳುವುದಕ್ಕಿಂತ ಇಲ್ಲಿ ರೋಟರ್ ಹೆಚ್ಚು ದುಡಿಯಬೇಕು. ಕೈ ಪಳಗಿದ ಮೇಲೆಯೇ ಅಂತರಜಾಲದ ಆಕಾಶಕ್ಕೆ ಹೋಗಿ. ಅಲ್ಲಿ ನಿಯಂತ್ರಕರ ಮಾತನ್ನು ಪೂರ್ತಿ ಕೇಳಿಸಿಕೊಂಡು, ಮರುನುಡಿದು, ಅದರಂತೆ ನಡೆಯಬೇಕು. ತರಗತಿಯಲ್ಲಿ ನಾನು ಕಲಿಸಲು ಹೆಣಗಿದ್ದೂ ಇದನ್ನೇ.

ಆದರೆ ಮನೆಯ ಕುರ್ಚಿಗೆ ಮಿತಿಯುಂಟು. ಕಿವಿಯೊಳಗಿನ ಸಮತೋಲನದ ಇಂದ್ರಿಯ ಮೋಡದೊಳಗೆ ಚಾಲಕನನ್ನು ವಂಚಿಸುವ ಬಗೆಯನ್ನು ಅದು ತೋರಿಸಲಾರದು. ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ನಮ್ಮ ವಿಮಾನಪುರದಲ್ಲೇ ಇರುವುದು ಇಂತಹ ಪಾಠಗಳಿಗಾಗಿಯೂ ಹೌದು. ಮನೆಯಲ್ಲಿ ಕಳೆದ ಗಂಟೆಗಳು ಚಾಲಕನ ಪರವಾನಗಿಗೆ ಲೆಕ್ಕಕ್ಕೆ ಬರುವುದೂ ಇಲ್ಲ.

ದೊಡ್ಡ ಸಿಮ್ಯುಲೇಟರುಗಳಿಗೂ ಮಿತಿಯುಂಟು. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವವೊಂದು ಬಿದ್ದು ಮೂವರು ಪ್ರಾಣ ತೆತ್ತರು. ಮೇಲೆ ಹೇಳಿದ ಆ ಸ್ವಾಶ್ ಪ್ಲೇಟ್ ಮುರಿದಿದ್ದುದು ತನಿಖೆಯಲ್ಲಿ ಕಂಡುಬಂದಿತು. ದೇಶದ ಮುನ್ನೂರಕ್ಕೂ ಹೆಚ್ಚು ಧ್ರುವಗಳು ತಿಂಗಳುಗಟ್ಟಲೆ ನೆಲದ ಮೇಲೆ ನಿಂತವು. ಆ ದಿನಗಳಲ್ಲಿ ಕೈ ಮರೆಯದಿರಲು ಚಾಲಕರು ಆಶ್ರಯಿಸಿದ್ದು ಸಿಮ್ಯುಲೇಟರನ್ನು. ಮುರಿಯುವ ಲೋಹವನ್ನು ಯಾವ ಸಿಮ್ಯುಲೇಟರೂ ಗಟ್ಟಿಗೊಳಿಸದು. ಆ ಹೊಣೆ ವಿನ್ಯಾಸಕಾರರದು, ಪರೀಕ್ಷಕರದು. ಅದು ಗಟ್ಟಿಗೊಳಿಸುವುದು ಮನುಷ್ಯನ ಕೈಯನ್ನೂ ಧೃತಿಯನ್ನೂ ಮಾತ್ರ.

ಹಾಗಾದರೆ ಇದು ಆಟವೋ, ವಿದ್ಯೆಯೋ? ಬಿದ್ದ ಕೂಡಲೇ ಗುಂಡಿಯೊತ್ತಿ ಮರಳಿ ಹಾರುವವನಿಗೆ ಆಟ. ಏಕೆ ಬಿದ್ದೆನೆಂದು ಒಂದು ಪುಸ್ತಕದಲ್ಲಿ ಎರಡು ಸಾಲು ಬರೆದುಕೊಂಡು ಮರಳಿ ಹಾರುವವನಿಗೆ ವಿದ್ಯೆ. ಮಕ್ಕಳಿಗೆ ಜಾಯ್‌ಸ್ಟಿಕ್ ಕೊಡಿಸುವ ದಿನ ಒಂದು ನೋಟ್ ಪುಸ್ತಕವನ್ನೂ ಕೊಡಿಸಿ.