ಪುತ್ತೂರು ಸೀಮೆಯ ಇಗರ್ಜಿಯೂ ಪಳ್ಳಿಯೂ

ಪುತ್ತೂರು ಪೇಟೆಯ ಅಂಚಿನಲ್ಲಿರುವ ದರ್ಬೆಯಲ್ಲಿ ಸಂತ ಫಿಲೋಮಿನಾ ಕಾಲೇಜನ್ನು ಮೊನ್ಸಿಞ್ಞೊರ್ ಆಂಟನಿ ಪತ್ರಾವೊ ಅವರು ಕಟ್ಟಿದುದು 1958ರಲ್ಲಿ. ಸುತ್ತಣ ಹಳ್ಳಿಗಳ ಹಿಂದೂ ಮುಸಲ್ಮಾನ ಮಕ್ಕಳೊಡನೆ ಅಲ್ಲಿ ಕಲಿತವರಲ್ಲಿ ಎರಡು ಬಗೆಯ ಕ್ರೈಸ್ತರಿದ್ದರು. ಡಿಸೋಜ, ಪಿಂಟೊ, ರೊಡ್ರಿಗಸ್ ಎಂಬ ಕುಲನಾಮದವರು ಒಂದು ಕಡೆ. ವರ್ಗೀಸ್, ಚಾಕೊ, ಮತ್ತಾಯಿ ಎಂಬ ಹೆಸರಿನವರು ಇನ್ನೊಂದು ಕಡೆ. ಇಬ್ಬರೂ ರೋಮಿನ ಜಗದ್ಗುರುವಿಗೆ ವಿಧೇಯರಾದ ಕಥೋಲಿಕರೇ. ಆದರೂ ಒಬ್ಬರ ಪ್ರಾರ್ಥನೆಯು ಇನ್ನೊಬ್ಬರಿಗೆ ತಿಳಿಯದು. ಇವರ ನಡುವೆ ಸೋದರಭಾವವು ಹೇಗೆ ಬೆಳೆಯಿತೆಂಬುದು ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಅಷ್ಟಾಗಿ ವಿಚಾರಿಸಲ್ಪಡದ ವಿಷಯವಾಗಿದೆ.

ಮೊದಲು ಬಂದವರು ಕೊಂಕಣಿಯವರು. ಗೋವೆಯಿಂದ ಹದಿನಾರನೆಯ ಶತಮಾನದಿಂದ ಮೊದಲ್ಗೊಂಡು ತಂಡತಂಡವಾಗಿ ಇಳಿದುಬಂದ ಈ ಜನರು ತುಳುನಾಡಿನಲ್ಲಿ ಬೇಸಾಯ ಹಿಡಿದು ನೆಲೆಯಾದರು. 1784ರಲ್ಲಿ ಟಿಪ್ಪು ಸುಲ್ತಾನನು ಅವರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. 1799ರ ತರುವಾಯ ಉಳಿದವರು ಮರಳಿ ಬಂದು ಹಾಳುಬಿದ್ದ ಮನೆಗಳನ್ನೂ ಇಗರ್ಜಿಗಳನ್ನೂ ಎತ್ತಿ ಕಟ್ಟಿದರು. ಪುತ್ತೂರಿನ ಮಾಯ್ ದೆ ದೇವುಸ್ ಇಗರ್ಜಿಯು 1830ರದು. 'ದೇವಮಾತೆ' ಎಂಬರ್ಥದ ಆ ಹೆಸರು ಪೋರ್ತುಗೀಸ್ ಭಾಷೆಯದು. ಆ ರಾಜ್ಯವು ಈ ಕರಾವಳಿಯಿಂದ ಹಿಂಜರಿದ ಮೇಲೆಯೂ ಅದರ ನುಡಿಯು ಹೀಗೆ ದೇವಾಲಯದ ಹೆಸರಿನಲ್ಲಿ ಉಳಿದುಕೊಂಡಿತು.

ಇನ್ನೊಂದು ವಲಸೆಯು ದಕ್ಷಿಣದಿಂದ ಬಂದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವದಿಂದಲೂ ನೆಲದ ಇಕ್ಕಟ್ಟಿನಿಂದಲೂ ನೊಂದ ತಿರುವಾಂಕೂರಿನ ರೈತರು ಮಲಬಾರಿನ ಕಾಡುಗಳಿಗೆ ಏರಿದರು; ಅವರಲ್ಲಿ ಕೆಲವರು ಮುಂದುವರಿದು ಘಟ್ಟದಡಿಯ ನೆಲ್ಯಾಡಿ, ಶಿರಾಡಿ, ಈಗ ತಾಲೂಕೇ ಆಗಿರುವ ಕಡಬ ಇತ್ಯಾದಿ ಕಡೆಗಳನ್ನು ಸೇರಿದರು. ಕಾಡು ಕಡಿದು, ಮಲೇರಿಯವನ್ನು ತಡೆದುಕೊಂಡು, ಮರಗೆಣಸು ನೆಟ್ಟು, ಕೆಲಕಾಲದ ಮೇಲೆ ರಬ್ಬರು ಕರಿಮೆಣಸುಗಳಿಂದ ನೆಲೆಗೊಂಡರು. ಇವರು ಸಂತ ತೋಮಸನ ಪರಂಪರೆಯನ್ನು ಹೇಳಿಕೊಳ್ಳುವ ಸುರಿಯಾನಿ ಕ್ರೈಸ್ತರು. ಇವರಲ್ಲಿಯೂ ಎರಡು ಪಂಗಡಗಳುಂಟು: ಸಿರೋ ಮಲಬಾರಿನವರು, ಮತ್ತು 1930ರಲ್ಲಿ ಮಾರ್ ಇವಾನಿಯೋಸರೊಡನೆ ರೋಮಿನ ಸಂಬಂಧಕ್ಕೆ ಬಂದ ಮಲಂಕರದವರು.

ಮಾತಿನ ತೊಡಕು ಚಿಕ್ಕದಲ್ಲ. ಕೊಂಕಣಿಯವನ 'ಇಗರ್ಜಿ'ಯು ಮಲಯಾಳಿಗೆ 'ಪಳ್ಳಿ'. ಪುತ್ತೂರಿನ ತುಳುವನಿಗಾದರೋ ಪಳ್ಳಿಯೆಂದರೆ ಮುಸಲ್ಮಾನರ ಮಸೀದಿ! ಭಾನುವಾರ ಪಳ್ಳಿಗೆ ಹೋಗುವೆನೆಂದ ಹೊಸಬನನ್ನು ಕೇಳಿದವರು ಬೆರಗಾಗಿ ನೋಡಿದ್ದರೆ ಆಶ್ಚರ್ಯವಿಲ್ಲ. ಒಬ್ಬರಿಗೆ ಗುರುಗಳು ಪಾದ್ರ್ಯಾಬ್, ಇನ್ನೊಬ್ಬರಿಗೆ ಅಚ್ಚನ್. ಒಬ್ಬರಿಗೆ ಬಲಿಪೂಜೆಯು ಮೀಸ್, ಇನ್ನೊಬ್ಬರಿಗೆ ಕುರ್ಬಾನ. ಒಬ್ಬನೇ ಪ್ರೇಷಿತನು ಇಲ್ಲಿ ಪೆದ್ರು, ಅಲ್ಲಿ ಪತ್ರೋಸ್. ಇನ್ನೊಂದು ಚೋದ್ಯವೆಂದರೆ, ಆ ದಿನಗಳಲ್ಲಿ ಕೊಂಕಣಿಯವನ ಪೂಜೆಯು ನಡೆಯುತ್ತಿದ್ದುದು ಲ್ಯಾಟಿನ್ನಿನಲ್ಲಿ. ಸಿರೋ ಮಲಬಾರಿನವನದು 1962ರವರೆಗೆ ಸುರಿಯಾನಿಯಲ್ಲಿ. ತನ್ನ ಮನೆಯ ಮಾತಿನಲ್ಲಿ ಪೂಜೆಯನ್ನು ಕೇಳುವ ಭಾಗ್ಯವು ಇಬ್ಬರಿಗೂ ಇರಲಿಲ್ಲ. ಸಂತೆಯಲ್ಲಿ ಇಬ್ಬರನ್ನೂ ಕೂಡಿಸಿದುದು ತುಳು, ಶಾಲೆಯಲ್ಲಿ ಕನ್ನಡ. ನಮ್ಮ ಅಭಿಪ್ರಾಯದಲ್ಲಿ, ಈ ಬಾಂಧವ್ಯದ ಮೊದಲ ಕಲ್ಲು ಬಿದ್ದುದು ದೇವಾಲಯದ ಅಂಗಳದಲ್ಲಲ್ಲ, ಅಡಿಕೆಯ ಅಂಗಡಿಯ ಮುಂದೆ.

ಹಬ್ಬಗಳಲ್ಲಿ ಮಾತ್ರ ಒಂದು ಸೊಗಸಾದ ಸಂಧಿಯುಂಟು. ಸೆಪ್ಟೆಂಬರ್ 8 ಮರಿಯಮ್ಮನವರ ಜನ್ಮದಿನ. ಕೊಂಕಣಿ ಮಕ್ಕಳು ಒಂಬತ್ತು ದಿನ ಹೂವು ಅರ್ಪಿಸಿ, ಆ ದಿನ ಮೊಂತಿ ಹಬ್ಬದ ಹೊಸ ತೆನೆಯನ್ನು ಆಶೀರ್ವದಿಸಿಕೊಂಡು ಮನೆಗೆ ತರುತ್ತಾರೆ. ಹೊಸ ಭತ್ತದ ಕಾಳನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ, ಮೀನು ಮಾಂಸವಿಲ್ಲದೆ ಎಲ್ಲರೂ ಒಟ್ಟಿಗೆ ಉಣ್ಣುತ್ತಾರೆ. ಇದು ತುಳುವರ ತೆನೆಹಬ್ಬಕ್ಕೆ ತೀರ ಹತ್ತಿರದ ನೆಂಟು. ಸುರಿಯಾನಿ ಮನೆಗಳಲ್ಲಿಯೋ ಸೆಪ್ಟೆಂಬರ್ ಒಂದರಿಂದ ಎಂಟು ನೋಂಬು. ವಿಶೇಷವಾಗಿ ಹೆಂಗಸರು ಹಿಡಿಯುವ ಆ ವ್ರತವು ಮುಗಿಯುವುದೂ ಅದೇ ದಿನವೇ. ಒಂದೇ ತಾಯಿಯ ಹುಟ್ಟುಹಬ್ಬಕ್ಕೆ ಒಂದು ಮನೆಯವರು ತೆನೆಯಿಂದ, ಇನ್ನೊಂದು ಮನೆಯವರು ಉಪವಾಸದಿಂದ ಬಂದು ಸೇರುವರು.

ಆಡಳಿತದ ಕಥೆಯು ಅಷ್ಟು ಸರಳವಲ್ಲ. ಮಂಗಳೂರಿನ ಲ್ಯಾಟಿನ್ ಧರ್ಮಪ್ರಾಂತವು 1886ರಲ್ಲಿ ರೂಪುಗೊಂಡಿತ್ತು. ತಮ್ಮ ಸಂಪ್ರದಾಯದ ಗುರುಗಳಿಲ್ಲದ ಕಡೆ ಹೊಸಬರಿಗೆ ತೆರೆದಿದ್ದ ಬಾಗಿಲು ಅದರ ಇಗರ್ಜಿಯದೇ. 1953ರಲ್ಲಿ ತಲಶ್ಶೇರಿಯಲ್ಲಿ ಸಿರೋ ಮಲಬಾರ್ ಧರ್ಮಪ್ರಾಂತವಾಗಿ, 1955ರಲ್ಲಿ ಅದರ ಗಡಿಯು ದಕ್ಷಿಣ ಕನ್ನಡಕ್ಕೂ ಚಾಚಿತು. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಪೂರ್ವ ಪಶ್ಚಿಮಗಳ ಎಲ್ಲ ಪೂಜಾಸಂಪ್ರದಾಯಗಳೂ ಸಮಾನ ಗೌರವದವೆಂದು ಸಾರಿತು. 1999ರಲ್ಲಿ ಬೆಳ್ತಂಗಡಿಯಲ್ಲಿ ಸಿರೋ ಮಲಬಾರಿನವರಿಗೂ, 2010ರಲ್ಲಿ ಪುತ್ತೂರಿನಲ್ಲಿಯೇ ಮಲಂಕರದವರಿಗೂ ಸ್ವಂತ ಧರ್ಮಪ್ರಾಂತಗಳಾದವು. ಒಂದೇ ನೆಲದ ಮೇಲೆ ಹೀಗೆ ಮೂವರು ಧರ್ಮಾಧ್ಯಕ್ಷರ ಅಧಿಕಾರವು ಹರಡಿತು.

ಇದು ಒಡಕಲ್ಲವೇ ಎಂದು ಕೇಳುವವರುಂಟು. ಶಂಕೆಯು ನಿರಾಧಾರವಲ್ಲ, ಒಂದೇ ಹಳ್ಳಿಯ ಇಬ್ಬರು ಕಥೋಲಿಕರು ಬೇರೆ ಬೇರೆ ದಾರಿಯಲ್ಲಿ ಪೂಜೆಗೆ ನಡೆಯುವುದನ್ನು ಕಂಡಾಗ ಮನಸ್ಸಿಗೆ ಖೇದವೆನಿಸದಿರದು. ಆದರೆ ನಾವು ಅದನ್ನು ಒಪ್ಪೆವು. ಪರರ ಮನೆಯಲ್ಲಿ ಅತಿಥಿಯಾಗಿರುವವನು ಉಪಕಾರ ಸ್ಮರಿಸಬಲ್ಲನೇ ಹೊರತು ಸರಿಸಮನಾಗಿ ಕರೆದು ಉಪಚರಿಸಲಾರನು. ತನ್ನದೊಂದು ಜಗಲಿಯಾದ ಮೇಲೆಯೇ ನೆರೆಯವನನ್ನು ಕುಳ್ಳಿರೆನ್ನಲು ಸಾಧ್ಯ. ಗೋವೆಯಿಂದ ಬಂದು ತಮ್ಮ ನುಡಿಯನ್ನೂ ಇಗರ್ಜಿಯನ್ನೂ ಕಾಪಾಡಿಕೊಂಡವರು ಈ ಮಾತನ್ನು ಇತರರಿಗಿಂತ ಬೇಗ ತಿಳಿಯಬಲ್ಲರು.

ಈಗಿನ ತೊಡಕು ಬೇರೆಯೇ. ಕೊಂಕಣಿಯು ನಮ್ಮಲ್ಲಿ ಕನ್ನಡ ಲಿಪಿಯಲ್ಲಿಯೇ ಅಚ್ಚಾಗುವುದು. 1938ರಿಂದ ಮಂಗಳೂರಿನಲ್ಲಿ ಹೊರಡುವ 'ರಾಕ್ಣೊ' ವಾರಪತ್ರಿಕೆಯೂ ಅದೇ ಲಿಪಿಯದು. ಕನ್ನಡ ಶಾಲೆಯಲ್ಲಿ ಓದಿದ ಮಲಯಾಳಿ ಮನೆಯ ಹುಡುಗಿಯು ನೆರೆಮನೆಯ ಕೊಂಕಣಿ ಪ್ರಾರ್ಥನೆಯ ಪುಸ್ತಕವನ್ನು ಅರ್ಥವಾಗದಿದ್ದರೂ ಸರಾಗವಾಗಿ ಓದಬಲ್ಲಳು. ಮಲಯಾಳ ಲಿಪಿಯನ್ನು ಕಲಿಯದಿದ್ದರೆ, ತನ್ನ ಅಜ್ಜಿಯ ಪುಸ್ತಕವನ್ನು ತೆರೆದು ಆಕೆ ಅಕ್ಷರಗಳನ್ನು ಸುಮ್ಮನೆ ನೋಡುವಳು. ಪ್ರಾರ್ಥನೆಯನ್ನು ಅಜ್ಜಿಯ ಬಾಯಿಂದ ಕೇಳಿಯೇ ಕಲಿಯಬೇಕು.