ವೈಯಕ್ತಿಕ ಶೋಕದಿಂದ ಊರಿನ ನೆನಪಿಗೆ: ಹಾನಗಲ್ಲು ಸೀಮೆಯ ಸ್ಮಾರಕ ಚಿತ್ರಶಿಲೆಗಳು

ಪೀಠಿಕೆ

ವೀರಗಲ್ಲು, ಮಾಸ್ತಿಗಲ್ಲು, ನಿಷಿಧಿಗಲ್ಲು ಈ ಮೂರೂ ಸತ್ತವರ ನೆನಪಿಗೆ ನಿಲ್ಲಿಸಿದ ಚಿತ್ರಫಲಕಗಳು. ಒಂದು ಮನೆಯ ದುಃಖವನ್ನು ಊರೆಲ್ಲ ಕಾಣುವ ಚಿತ್ರವಾಗಿಸುವ ಕಲೆ ಕನ್ನಡನಾಡಿನಲ್ಲಿ ಬಣ್ಣಕ್ಕಿಂತ ಮೊದಲು ಕಲ್ಲಿನಲ್ಲಿ ಬೆಳೆಯಿತು. ಹಾನಗಲ್ಲು, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳನ್ನು ಒಳಗೊಂಡ ಇಂದಿನ ಹಾವೇರಿ ಜಿಲ್ಲೆಯ ಸೀಮೆ ಈ ಕಲೆಯ ಸಮೃದ್ಧ ನೆಲೆಗಳಲ್ಲೊಂದು. ಶಾಸನಗಳಲ್ಲಿ ಪಾನುಂಗಲ್ಲು ಎಂದು ಹೆಸರಾದ ಹಾನಗಲ್ಲು ಐನೂರು ಹಳ್ಳಿಗಳ ನಾಡಿಗೆ ತಲೆಯೂರಾಗಿತ್ತು, ಕದಂಬರ ಒಂದು ಶಾಖೆಯ ರಾಜಧಾನಿಯಾಗಿತ್ತು. ಚಾಳುಕ್ಯ, ಕಳಚುರಿ, ಹೊಯ್ಸಳ, ಸೇವುಣ ಸೇನೆಗಳು ಹಾಯ್ದುಹೋದ ಈ ಗಡಿಸೀಮೆಯಲ್ಲಿ ಕಾಳಗಕ್ಕೆ ಬಲಿಯಾದವರು ಹೆಚ್ಚು, ಅವರಿಗೆ ನಿಂತ ಕಲ್ಲುಗಳೂ ಹೆಚ್ಚು.

ಈ ಶಿಲೆಗಳ ಅಧ್ಯಯನಕ್ಕೆ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಗಟ್ಟಿ ತಳಹದಿ ಹಾಕಿತು. ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಮತ್ತು ಷ. ಶೆಟ್ಟರ್ ಅವರು ಗುಂಥರ್ ಸೊಂಥೈಮರ್ ಜೊತೆ ಸಂಪಾದಿಸಿದ ಸ್ಮಾರಕಶಿಲೆಗಳ ಕುರಿತ ಗ್ರಂಥ ಎರಡೂ 1982ರಲ್ಲಿ ಹೊರಬಂದವು. ಶೌರ್ಯ, ಸಮಾಜ, ಧರ್ಮ ಈ ನೆಲೆಗಳಿಂದ ಕಲ್ಲುಗಳ ವಿವೇಚನೆ ಸಾಕಷ್ಟು ನಡೆದಿದೆ. ಈ ಲೇಖನದ ಪ್ರಶ್ನೆ ಬೇರೆ: ಒಬ್ಬರ ಸಾವಿನ ಕಥೆ ಚಿತ್ರವಾಗುವಾಗ ಆ ವ್ಯಕ್ತಿಯದ್ದಾಗಿ ಏನು ಉಳಿಯುತ್ತದೆ, ಏನು ಕಳೆಯುತ್ತದೆ?

ಚಿತ್ರದ ರಚನೆ

ಹನ್ನೊಂದರಿಂದ ಹದಿಮೂರನೆಯ ಶತಮಾನದ ವೀರಗಲ್ಲು ಸಾಮಾನ್ಯವಾಗಿ ಮೂರು ಪಟ್ಟಿಕೆಗಳದು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದ ಪಟ್ಟಿಕೆಯಲ್ಲಿ ಸಾವಿನ ಸಂದರ್ಭವಿದೆ: ಕತ್ತಿ ಗುರಾಣಿ ಹಿಡಿದ ವೀರ, ಎದುರಿಗೆ ಬಿಲ್ಲಾಳುಗಳು, ಕೆಲವೆಡೆ ಕುದುರೆ, ದನ ಕವರುವ ತುರುಗೊಳ್ ಕಾಳಗವಾದರೆ ಹಸುಗಳ ಸಾಲು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನ ಪಟ್ಟಿಕೆ ಕೈಲಾಸ. ಅಲ್ಲಿ ಲಿಂಗ, ನಂದಿ ಮತ್ತು ಪೂಜಿಸುವ ಗೊರವರ (ಶೈವ ಅರ್ಚಕರ) ಬಳಿ ವೀರ ಕೈಮುಗಿದು ಕುಳಿತಿದ್ದಾನೆ. ಸತ್ತವನು ಜೈನನಾದರೆ ಲಿಂಗದ ಜಾಗದಲ್ಲಿ ಜಿನಬಿಂಬವಿರುತ್ತದೆ. ನೆತ್ತಿಯ ಮೇಲಿನ ಸೂರ್ಯಚಂದ್ರರು ನೆನಪಿನ ಅವಧಿಯನ್ನು ಸೂಚಿಸುತ್ತಾರೆ. ಪಟ್ಟಿಕೆಗಳ ನಡುವಿನ ಅಡ್ಡದಿಂಡುಗಳಲ್ಲಿ ಶಾಸನ ಕೊರೆದಿರುತ್ತದೆ.

ಈ ರಚನೆಯಲ್ಲಿ ಅಳುವವರು ಯಾರೂ ಇಲ್ಲ. ಹೆಣವಿಲ್ಲ, ಸುತ್ತ ಕುಳಿತ ಬಂಧುಗಳಿಲ್ಲ, ಬರಿದಾದ ಮನೆಯಿಲ್ಲ. ಬಿದ್ದ ಕ್ಷಣದಿಂದ ಚಿತ್ರ ನೇರವಾಗಿ ಮೇಲಕ್ಕೇರುತ್ತದೆ. ಸಾವಿಗೂ ಸ್ವರ್ಗಕ್ಕೂ ನಡುವೆ ಮನೆಯವರು ಅನುಭವಿಸಿದ ದಿನಗಳಿಗೆ ಕಲ್ಲುಕುಟಿಗ ಜಾಗ ಕೊಡಲಿಲ್ಲ. ಮುಖಗಳಲ್ಲೂ ವ್ಯಕ್ತಿಭೇದ ಕಡಿಮೆ. ಕಟ್ಟಿದ ತುರುಬು, ಬಿಗಿದ ಕಾಸೆ, ಎತ್ತಿದ ಕೈ ಒಂದು ಊರಿನ ಕಲ್ಲಿನಿಂದ ಇನ್ನೊಂದು ಊರಿನ ಕಲ್ಲಿಗೆ ಹೆಚ್ಚು ಬದಲಾಗುವುದಿಲ್ಲ. ರೂಢಿಯಾದ ಈ ಚೌಕಟ್ಟು ದುಃಖಕ್ಕೆ ಒಂದು ದಾರಿ ತೋರಿಸುತ್ತಿತ್ತು: ಮಗನನ್ನು ಕಳೆದುಕೊಂಡ ತಂದೆ ಅವನನ್ನು ಕೊನೆಗೆ ಕಾಣುವುದು ನೆಲದ ಮೇಲಲ್ಲ, ದೇವರ ಸನ್ನಿಧಿಯಲ್ಲಿ.

ಅಕ್ಷರದ ಪಾಲು

ಚಿತ್ರ ಎಲ್ಲರದಾದರೆ ಅಕ್ಷರ ಒಬ್ಬನದು. ಸತ್ತವನ ಹೆಸರು, ತಂದೆಯ ಹೆಸರು, ಶಕವರ್ಷ, ತಿಥಿ, ವಾರ, ಆಳುವ ಅರಸ, ಸಾವಿನ ಕಾರಣ, ಕಲ್ಲು ನಿಲ್ಲಿಸಿದವರ ಸಂಬಂಧ ಇವಿಷ್ಟೂ ನಾಲ್ಕಾರು ಸಾಲಿನಲ್ಲಿ ಅಡಕವಾಗಿರುತ್ತವೆ. ಕಾರಣಗಳ ವೈವಿಧ್ಯವೂ ಶಾಸನದಿಂದಲೇ ತಿಳಿಯುತ್ತದೆ. ತುರುಗಳನ್ನು ಮರಳಿ ತರುವಾಗ, ಊರಳಿವಿನಲ್ಲಿ, ಹೆಣ್ಣುಗಳ ರಕ್ಷಣೆಗಾಗಿ ನಡೆದ ಪೆಣ್ಬುಯ್ಯಲಿನಲ್ಲಿ, ಗಡಿಜಗಳದಲ್ಲಿ, ಹಂದಿ ಬೇಟೆಯಲ್ಲಿ ಸತ್ತವರಿದ್ದಾರೆ. ಒಡೆಯನ ಸಾವಿನ ಜೊತೆ ತಾವೂ ಪ್ರಾಣ ಬಿಟ್ಟ ಕೀಳ್ಗುಂಟೆಯವರಿದ್ದಾರೆ. ಕಲ್ಲನ್ನು ನಿಲ್ಲಿಸಿದವರು ಮಗ, ತಮ್ಮ, ತಂದೆ, ಹೆಂಡತಿ, ಕೆಲವೆಡೆ ಊರ ಗೌಡ ಅಥವಾ ಒಡೆಯ. ಶೋಕದ ಮಾತು ನೇರವಾಗಿ ಬರೆದಿಲ್ಲದಿದ್ದರೂ ‘ಕಲ್ಲು ನಿಲ್ಲಿಸಿದ’ ಎಂಬ ಕ್ರಿಯೆಯ ಪಕ್ಕದ ಸಂಬಂಧಸೂಚಕ ಪದದಲ್ಲಿ ಅದು ಇದೆ.

ಕಲ್ಲಿನ ಜೊತೆಗೆ ಜೀವನಾಧಾರವೂ ಸಲ್ಲುತ್ತಿತ್ತು. ಸತ್ತವನ ಮನೆಗೆ ಬಿಟ್ಟ ಭೂಮಿಗೆ ನೆತ್ತರುಗೊಡಗೆ, ಬಾಳ್ಗಚ್ಚು, ಕಲ್ನಾಡು ಎಂಬ ಹೆಸರುಗಳಿವೆ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲೇ ಬಾಳ್ಗಚ್ಚು ಕೊಡುಗೆಯ ಉಲ್ಲೇಖವಿದೆ. ನೆನಪಿನ ಚಿತ್ರ ಮತ್ತು ಉಳಿದವರ ಅನ್ನ ಎರಡನ್ನೂ ಊರು ಒಟ್ಟಿಗೆ ಹೊತ್ತಿತು ಎಂಬುದು ಈ ಪದ್ಧತಿಯ ಅತಿ ಮಾನವೀಯ ಅಂಶ.

ಹಾನಗಲ್ಲ ಮುತ್ತಿಗೆಯ ಕಲ್ಲು

ಈ ಸೀಮೆಯ ಅತ್ಯಂತ ಪ್ರಸಿದ್ಧ ದಾಖಲೆ ಹಾನಗಲ್ಲಿನ ಒಂದು ವೀರಗಲ್ಲಿನಲ್ಲಿದೆ. 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳ ಪಟ್ಟಣದ ಆನೆಕೆರೆಯ ಬಳಿ ಬೀಡುಬಿಟ್ಟು ಕೋಟೆಗೆ ಮುತ್ತಿಗೆ ಹಾಕಿದ. ಕದಂಬ ಕಾಮದೇವನ ಸೇನೆ ದಂಡನಾಯಕ ಸೋಹಣಿಯ ಮುಂದಾಳತ್ವದಲ್ಲಿ ಕಾದಾಡಿ ಆ ದಾಳಿಯನ್ನು ಆಗ ಹಿಮ್ಮೆಟ್ಟಿಸಿತು. ಕಾಳಗದಲ್ಲಿ ಸೋಹಣಿ ಮಡಿದ, ಅವನ ಮಗನೂ ಅದೇ ಕಾಳಗದಲ್ಲಿ ಹೋರಾಡಿದ್ದ. ಹಾನಗಲ್ಲು ಮುಂದೆ ಹೊಯ್ಸಳರ ಕೈಸೇರಿತು. ದೊರೆಗಳ ಪ್ರಶಸ್ತಿಗಳಲ್ಲಿ ಹಾನಗಲ್ಲು ಗೆದ್ದ ಊರುಗಳ ಪಟ್ಟಿಯ ಒಂದು ಹೆಸರು ಮಾತ್ರ. ಗೆಲುವಿಗೆ ತೆತ್ತ ಬೆಲೆ ಏನೆಂಬುದನ್ನು ವೀರಗಲ್ಲು ಹೇಳುತ್ತದೆ. ಅರಮನೆಯ ಶಾಸನ ಯುದ್ಧದ ಫಲವನ್ನು ಬರೆದರೆ ಸ್ಮಾರಕಶಿಲೆ ಅದೇ ಯುದ್ಧವನ್ನು ಒಂದು ಕುಟುಂಬದ ನಷ್ಟವಾಗಿ ಬರೆಯಿತು. ಪ್ರಾದೇಶಿಕ ಚರಿತ್ರೆಗೆ ಈ ಎರಡನೆಯ ಸಾಕ್ಷ್ಯ ಮೊದಲನೆಯದರಷ್ಟೇ ಮುಖ್ಯ.

ರೂಢಿಯನ್ನು ಮೀರಿದ ಚಿತ್ರಗಳು

ವ್ಯಕ್ತಿಯ ಕಥೆಯನ್ನೇ ಕೆತ್ತುವ ಶಕ್ತಿ ಶಿಲ್ಪಿಗಳಿಗೆ ಇರಲಿಲ್ಲವೆಂದು ತಿಳಿಯಬಾರದು. ಮೂರು ಪಟ್ಟಿಕೆಯ ಚೌಕಟ್ಟು ಎಲ್ಲೆಡೆ ಹರಡುವ ಮೊದಲಿನ ಗಂಗರ ಕಾಲದ ಎರಡು ಕಲ್ಲುಗಳು ಇದಕ್ಕೆ ಸಾಕ್ಷಿ. ತಿರುಮಕೂಡಲು ನರಸೀಪುರ ತಾಲೂಕಿನ ದೊಡ್ಡಹುಂಡಿಯ ಒಂಬತ್ತನೆಯ ಶತಮಾನದ ಶಿಲೆಯಲ್ಲಿ ಯುದ್ಧವೇ ಇಲ್ಲ. ಕೊನೆಯುಸಿರೆಳೆಯುತ್ತಿರುವ ದೊರೆ ನೀತಿಮಾರ್ಗ ಒರಗಿದ್ದಾನೆ. ಅವನ ಬಳಿ ನಿಷ್ಠಾವಂತ ಸೇವಕ ಅಗರಯ್ಯ ಮತ್ತು ಹಿರಿಯ ಮಗ ಇದ್ದಾರೆ. ಸಾವಿನ ಹಾಸಿಗೆಯನ್ನು ಹೀಗೆ ನೇರವಾಗಿ ತೋರಿಸುವ ಶಿಲ್ಪ ಕನ್ನಡನಾಡಿನಲ್ಲಿ ಅಪರೂಪ.

ಇನ್ನೊಂದು ಮದ್ದೂರು ತಾಲೂಕಿನ ಆತಕೂರಿನದು, ಕಾಲ 949-50. ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗ ಬೂತುಗ ಚೋಳರ ಮೇಲೆ ಪಡೆದ ಗೆಲುವಿನ ಬಳಿಕ ಬೂತುಗನ ವೀರ ಮಣಲೆರ ಬಹುಮಾನವಾಗಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ ಕಾಳಿ ಸತ್ತಿತು, ಹಂದಿಯೂ ಸತ್ತಿತು. ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಂತಿತು, ಅದಕ್ಕೆ ಭೂಮಿ ಬಿಡಲಾಯಿತು. ಕಲ್ಲನ್ನು ಪೂಜಿಸದೆ ಗೊರವನು ಊಟ ಮಾಡಬಾರದೆಂಬ ಕಟ್ಟಳೆಯೂ ಶಾಸನದಲ್ಲಿದೆ. ಇಲ್ಲಿ ಕೆತ್ತಿರುವುದು ಸ್ವರ್ಗವನ್ನಲ್ಲ, ನಾಯಿ ಮತ್ತು ಹಂದಿಯ ಸೆಣಸಾಟವನ್ನು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಶಿಲೆ ಮತ್ತು ದೊಡ್ಡಹುಂಡಿಯ ಶಿಲೆ ಒಂದು ಮಾತನ್ನು ಖಚಿತಪಡಿಸುತ್ತವೆ: ಮಾಡಿಸಿದವರು ನಿರ್ದಿಷ್ಟ ಘಟನೆಯನ್ನು ಬಯಸಿದಾಗ ಶಿಲ್ಪಿ ಅದನ್ನೇ ಕೊಟ್ಟ. ಮುಂದಿನ ಶತಮಾನಗಳಲ್ಲಿ ಬೇಡಿಕೆ ಹೆಚ್ಚಿದಂತೆ ಚೌಕಟ್ಟು ಗಟ್ಟಿಯಾಯಿತು, ಘಟನೆ ಅಕ್ಷರಕ್ಕೆ ಸರಿಯಿತು.

ಹೆಣ್ಣಿನ ಶೋಕ ಮತ್ತು ಅದರ ಮೌನ

ಗಂಡನ ಸಾವಿನ ಬಳಿಕ ಬೆಂಕಿಗೆ ಬಿದ್ದ ಹೆಂಗಸಿಗೆ ನಿಲ್ಲಿಸುವ ಮಾಸ್ತಿಗಲ್ಲಿನ ಗುರುತು ಕಂಬದಿಂದ ಚಾಚಿದ, ಮೊಣಕೈ ಮಡಿಸಿದ, ಬಳೆ ತೊಟ್ಟ ಕೈ. ಕೆಲವು ಕಲ್ಲುಗಳಲ್ಲಿ ಆ ಕೈಯಲ್ಲಿ ನಿಂಬೆಹಣ್ಣಿರುತ್ತದೆ. ಬಳೆ ಒಡೆಯದ ಕೈ ಮುತ್ತೈದೆತನದ ಸಂಕೇತ. ಗಂಡನನ್ನು ಕಳೆದುಕೊಂಡವಳ ಸಂಕಟವನ್ನು ಈ ಚಿತ್ರ ಹೇಳುವುದಿಲ್ಲ, ಆ ಸಂಕಟ ಇರಲೇ ಇಲ್ಲವೆಂಬಂತೆ ಅವಳನ್ನು ಪೂಜೆಗೆ ನಿಲ್ಲಿಸುತ್ತದೆ. ಹೆಚ್ಚಿನ ಮಾಸ್ತಿಗಲ್ಲುಗಳಲ್ಲಿ ಶಾಸನವಿಲ್ಲ, ಹೆಸರೂ ಇಲ್ಲ. ಗಂಡಸಿನ ಕಲ್ಲಿನಲ್ಲಿ ಅಕ್ಷರ ಉಳಿಸಿದ ವ್ಯಕ್ತಿತ್ವ ಹೆಂಗಸಿನ ಕಲ್ಲಿನಲ್ಲಿ ಅಳಿದುಹೋಯಿತು. ಈ ವ್ಯತ್ಯಾಸವನ್ನು ಕಲೆಯ ಸರಳತೆ ಎಂದು ಬದಿಗಿಡಲಾಗದು. ಅದು ಸಮಾಜ ಮಾಡಿದ ಅನ್ಯಾಯದ ಗುರುತು.

ಈ ಮೌನ ಮುರಿಯುವ ದಾಖಲೆಗಳು ವಿರಳ. ಹೆಗ್ಗಡದೇವನಕೋಟೆ ತಾಲೂಕಿನ ಬೆಳತೂರಿನ 1057ರ ಶಾಸನ ಅವುಗಳಲ್ಲಿ ಶ್ರೇಷ್ಠ. ಮಲ್ಲಯುದ್ಧದಲ್ಲಿ ಎದುರಾಳಿಯನ್ನು ಕೊಂದ ಏಚನಿಗೆ ತಲಕಾಡಿನಲ್ಲಿ ಮರಣದಂಡನೆಯಾಯಿತು. ಸುದ್ದಿ ಕೇಳಿದ ಹೆಂಡತಿ ದೇಕಬ್ಬೆ ಹೆತ್ತವರು ಎಷ್ಟು ಬೇಡಿಕೊಂಡರೂ ನಿಲ್ಲದೆ ಬೆಂಕಿಗೆ ಬಿದ್ದಳು. ಕಲ್ಲು ನಿಲ್ಲಿಸಿದವನು ತಂದೆ ರವಿಗ. ಮಗಳ ನಿರ್ಧಾರವನ್ನು ಹೊಗಳುವ ಆ ಪದ್ಯಗಳೊಳಗೇ ಅವಳನ್ನು ತಡೆಯಲು ಯತ್ನಿಸಿದ ಮನೆಯವರ ಮಾತೂ ದಾಖಲಾಗಿದೆ. ಹೊಗಳಿಕೆಯ ಕೆಳಗೆ ಹೆತ್ತವರ ಅಳಲು ಉಳಿದುಕೊಂಡದ್ದು ಹೀಗೆ.

ಶ್ರವಣಬೆಳಗೊಳದ ಶಾಸನವೊಂದರಲ್ಲಿ ತಾಯಿಯ ದುಃಖ ಇನ್ನೂ ಸ್ಪಷ್ಟ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳ ಅಗಲಿಕೆಯನ್ನು ಸಹಿಸಲಾರದೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ದೇಹ ಬಿಟ್ಟಳು.

ನಿಷಿಧಿ: ಶಾಂತಿಯ ಚಿತ್ರ

ಸಲ್ಲೇಖನದಿಂದ, ಅಂದರೆ ಜೈನರ ಉಪವಾಸವ್ರತದಿಂದ, ಸತ್ತವರಿಗೆ ನಿಲ್ಲಿಸುವ ನಿಷಿಧಿಯಲ್ಲಿ ಕಾಳಗವಿಲ್ಲ. ವ್ಯಾಸಪೀಠದ ಎದುರು ಗುರು, ಕೈಮುಗಿದ ಶಿಷ್ಯ, ಮೇಲೆ ಜಿನಬಿಂಬ ಇಷ್ಟೇ ಅದರ ಚಿತ್ರ. ಶಿಗ್ಗಾಂವಿ ತಾಲೂಕಿನ ಬಂಕಾಪುರಕ್ಕೆ ಈ ಚರಿತ್ರೆಯಲ್ಲಿ ದೊಡ್ಡ ಸ್ಥಾನವಿದೆ. ಗಂಗ ದೊರೆ ಇಮ್ಮಡಿ ಮಾರಸಿಂಹ ರಾಜ್ಯ ತೊರೆದು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತವಿದ್ದು 974ರಲ್ಲಿ ಪ್ರಾಣ ಬಿಟ್ಟ. ಅವನ ಸ್ಮಾರಕಶಾಸನವಿರುವುದು ಬಂಕಾಪುರದಲ್ಲಲ್ಲ, ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವ ಕಂಬದಲ್ಲಿ. ಸತ್ತ ಸ್ಥಳವೂ ನೆನಪಿನ ಸ್ಥಳವೂ ಒಂದೇ ಆಗಿರಬೇಕಿಲ್ಲ. ಸಮುದಾಯ ಪವಿತ್ರವೆಂದು ಭಾವಿಸಿದ ನೆಲ ದೂರದ ಸಾವನ್ನೂ ತನ್ನತ್ತ ಕರೆದುಕೊಂಡಿತು.

ಕಲ್ಲಿನಿಂದ ಭಾವಚಿತ್ರಕ್ಕೆ

ವಿಜಯನಗರೋತ್ತರ ಕಾಲದಲ್ಲಿ ವೀರಗಲ್ಲಿನ ಕೆತ್ತನೆ ಸರಳವಾಯಿತು, ಶಾಸನ ವಿರಳವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಛಾಯಾಚಿತ್ರ ಮತ್ತು ಅದನ್ನು ನೋಡಿ ಬರೆದ ವರ್ಣಚಿತ್ರ ನೆನಪಿನ ಮಾಧ್ಯಮವಾದವು. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ ನಡೆಸಿದ ಕಲಾಶಾಲೆಗಳು ಈ ಭಾಗದಲ್ಲಿ ಚಿತ್ರಕಲೆಯ ತರಬೇತಿಯನ್ನು ಬೇರೂರಿಸಿದವು. ಪಡಸಾಲೆಯ ಗೋಡೆಯಲ್ಲಿ ಮಾಲೆ ಹಾಕಿದ ಭಾವಚಿತ್ರ ವೀರಗಲ್ಲು ಮಾಡಲಾರದ್ದನ್ನು ಮಾಡಿತು, ಸತ್ತವರ ಮುಖವನ್ನು ಉಳಿಸಿತು. ಆದರೆ ಅಗಸಿಯಲ್ಲಿ, ಕೆರೆಯ ಏರಿಯಲ್ಲಿ, ಗುಡಿಯ ಕಟ್ಟೆಯಲ್ಲಿದ್ದ ನೆನಪು ಮನೆಯ ಒಳಗೆ ಸೇರಿತು. ಸಾವಿನ ಕಾರಣ, ತಿಥಿ, ನಿಲ್ಲಿಸಿದವರ ಸಂಬಂಧ ಹೇಳುವ ಅಕ್ಷರಗಳೂ ಕಳೆದವು.

ಮುಖ ಮತ್ತು ಅಕ್ಷರ ಎರಡೂ ಸೇರಿದ ಆಧುನಿಕ ನಿದರ್ಶನ ಮೈಲಾರ ಮಹಾದೇವಪ್ಪನವರದು. ಮೋಟೆಬೆನ್ನೂರಿನ ಈ ಸ್ವಾತಂತ್ರ್ಯ ಹೋರಾಟಗಾರರು 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರ ಜೊತೆ ಗುಂಡಿಗೆ ಬಲಿಯಾದರು. ಹಾವೇರಿಯ ವೀರಸೌಧ ಅವರ ಸ್ಮಾರಕ. 2018ರಲ್ಲಿ ಅವರ ಭಾವಚಿತ್ರದ ಅಂಚೆಚೀಟಿ ಬಂದಿತು. ಮುಖ, ಹೆಸರು, ದಿನ, ಕಾರಣ ಎಲ್ಲವೂ ಇಲ್ಲಿ ಒಟ್ಟಿಗಿದ್ದು, ನೆನಪು ಮತ್ತೆ ಸಾರ್ವಜನಿಕವಾಗಿದೆ.

ಉಪಸಂಹಾರ

ಸ್ಮಾರಕಶಿಲೆಯ ಚಿತ್ರ ದುಃಖವನ್ನು ಎಲ್ಲರೂ ಬಲ್ಲ ರೂಪಕ್ಕೆ ತಂದಿತು, ಅಕ್ಷರ ಅದನ್ನು ಒಬ್ಬರದ್ದಾಗಿ ಉಳಿಸಿತು. ಎರಡರಲ್ಲಿ ಒಂದು ಅಳಿದರೂ ಕಲ್ಲು ಅರ್ಧ ಮೂಕವಾಗುತ್ತದೆ. ಹಾನಗಲ್ಲಿನ ತಾರಕೇಶ್ವರ, ಹಾವೇರಿಯ ಸಿದ್ದೇಶ್ವರ ದೇವಾಲಯಗಳಂಥ ಸಂರಕ್ಷಿತ ಆವರಣಗಳಲ್ಲಿ ಇರುವ ಶಿಲೆಗಳಿಗೆ ರಕ್ಷಣೆಯಿದೆ. ಹಳ್ಳಿಗಳಲ್ಲಿ ಬಯಲಿಗೆ ಬಿದ್ದ ಶಿಲೆಗಳಿಗೆ ಮಳೆ, ಸುಣ್ಣ, ಎಣ್ಣೆಬಣ್ಣ, ರಸ್ತೆ ಕೆಲಸ ಇವೆಲ್ಲವೂ ಕುತ್ತು. ಅಕ್ಕಿಆಲೂರಿನಂಥ ದೊಡ್ಡ ಊರುಗಳ ಶಾಲೆ, ಕಾಲೇಜು ಮತ್ತು ಗ್ರಾಮ ಪಂಚಾಯತಿಗಳು ಸುತ್ತಲಿನ ಹಳ್ಳಿಗಳ ಕಲ್ಲುಗಳ ಪಟ್ಟಿ ಮಾಡಬೇಕು. ನಿಂತ ಜಾಗ, ಪಟ್ಟಿಕೆಗಳ ಚಿತ್ರ, ಶಾಸನದ ಪಡಿಯಚ್ಚು, ಊರವರು ಹೇಳುವ ಕಥೆ ಈ ನಾಲ್ಕೂ ಒಂದೇ ದಾಖಲೆಯಲ್ಲಿರಬೇಕು. ಹೆಸರಿಲ್ಲದ ಮಾಸ್ತಿಗಲ್ಲುಗಳನ್ನು ಮೊದಲು ದಾಖಲಿಸಬೇಕು, ಏಕೆಂದರೆ ಅವುಗಳ ಬಗ್ಗೆ ಉಳಿದಿರುವ ಸಾಕ್ಷ್ಯ ಊರ ಹಿರಿಯರ ಬಾಯಿಮಾತು ಮಾತ್ರ. ಈ ಸೀಮೆಯನ್ನು ಆಳಿದ ದೊರೆಗಳ ಚರಿತ್ರೆ ಈಗಾಗಲೇ ಬರೆಯಲ್ಪಟ್ಟಿದೆ. ಆ ದೊರೆಗಳ ಕಾಲದಲ್ಲಿ ಮಕ್ಕಳನ್ನು, ಗಂಡಂದಿರನ್ನು, ತಂದೆಯರನ್ನು ಕಳೆದುಕೊಂಡವರ ಚರಿತ್ರೆಗೆ ಈ ಕಲ್ಲುಗಳೇ ಆಧಾರ. ಅವುಗಳನ್ನು ಉಳಿಸುವ ಹೊಣೆ ಈ ಸೀಮೆಯ ಎಲ್ಲರದು.